ಕಪ್ಪು ಕಿಟಕಿಯ ಆಯ್ಕೆ

ಸಂಜೆ ಕೆಲಸ ಮುಗಿಸಿ ಬಂದ ತಂದೆ ಮಗಳ ಕಂಪ್ಯೂಟರಿನತ್ತ ನೋಡುತ್ತಾರೆ. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಸಾಲುಸಾಲು ಬಿಳಿ ಅಕ್ಷರ. ‘ಏನಮ್ಮಾ, ಕೆಟ್ಟುಹೋಯಿತೇ?’ ಎಂಬ ಆತಂಕ. ‘ಇಲ್ಲಪ್ಪಾ, ಇದು ಟರ್ಮಿನಲ್’ ಎಂದು ಮಗಳ ಉತ್ತರ. ಎಂಜಿನಿಯರಿಂಗ್, ಬಿ.ಸಿ.ಎ. ಓದುವ ಮಕ್ಕಳಿರುವ ಮನೆಗಳಲ್ಲಿ ಇಂಥ ಸಂಭಾಷಣೆ ನಡೆಯುವುದುಂಟು. ಏನಿದು ಟರ್ಮಿನಲ್? ಲಿನಕ್ಸಿನಲ್ಲಿ ಇದಕ್ಕೆಂದೇ ಹತ್ತಾರು ತಂತ್ರಾಂಶಗಳಿರುವಾಗ ಯಾವುದನ್ನು ಆರಿಸಿಕೊಳ್ಳಬೇಕು?

ಯಂತ್ರ ಹೋಯಿತು, ನಡತೆ ಉಳಿಯಿತು

ಒಂದು ಕಾಲದಲ್ಲಿ ಟರ್ಮಿನಲ್ ಎಂದರೆ ನಿಜವಾದ ಯಂತ್ರವೇ ಆಗಿತ್ತು. ದೊಡ್ಡ ಕಂಪ್ಯೂಟರ್ ಒಂದು ಕೋಣೆಯಲ್ಲಿ. ತಂತಿಯ ಮೂಲಕ ಅದರೊಡನೆ ವ್ಯವಹರಿಸುವ ಟರ್ಮಿನಲ್‌ಗಳು ಬೇರೆ ಬೇರೆ ಮೇಜುಗಳ ಮೇಲೆ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33ಕ್ಕೆ ಪರದೆಯೇ ಇರಲಿಲ್ಲ. ಅದು ಬೆರಳಚ್ಚು ಯಂತ್ರದಂತೆ ಸೆಕೆಂಡಿಗೆ 10 ಅಕ್ಷರಗಳನ್ನು ಕಾಗದದ ಮೇಲೆ ಒತ್ತುತ್ತಿತ್ತು. ಆಮೇಲೆ ಪರದೆಯ ಟರ್ಮಿನಲ್‌ಗಳು ಬಂದವು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ತಂದ ವಿಟಿ-100 ಬಹಳ ಹೆಸರು ಮಾಡಿತು. ಅದರ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ.

ಆ ಯಂತ್ರಗಳು ಮೂಲೆ ಸೇರಿವೆ. ಅವುಗಳ ನಡತೆಯನ್ನು ಅನುಕರಿಸುವ ತಂತ್ರಾಂಶವೇ ‘ಟರ್ಮಿನಲ್ ಎಮ್ಯುಲೇಟರ್’. ಇಂದಿಗೂ ಇಂಥ ಅನೇಕ ಕಿಟಕಿಗಳು ತೆರೆಯುವಾಗ 80 ಅಕ್ಷರ ಅಗಲ, 24 ಸಾಲು ಎತ್ತರವೇ ಇರುತ್ತವೆ.

ಟರ್ಮಿನಲ್ ಅಂಚೆಯವನಿದ್ದಂತೆ. ಕೀಲಿಮಣೆಯಲ್ಲಿ ಒತ್ತಿದ್ದನ್ನು ಒಳಗೆ ಒಯ್ಯುತ್ತದೆ. ಬಂದ ಉತ್ತರವನ್ನು ಪರದೆಗೆ ತರುತ್ತದೆ. ಆದೇಶವನ್ನು ಅರ್ಥಮಾಡಿಕೊಂಡು ಕೆಲಸ ಮಾಡಿಸುವುದು ‘ಶೆಲ್’ ಎಂಬ ಇನ್ನೊಂದು ತಂತ್ರಾಂಶ. ಆದ್ದರಿಂದ ಟರ್ಮಿನಲ್ ಬದಲಿಸಿದರೂ ಕಲಿತ ಆದೇಶಗಳು ವ್ಯರ್ಥವಾಗುವುದಿಲ್ಲ.

ಹೆಲ್ಸಿಂಕಿಯ ವಿದ್ಯಾರ್ಥಿ

ಲಿನಕ್ಸ್ ಬೆಳೆದದ್ದೇ ಇಂಥದೊಂದು ತಂತ್ರಾಂಶದಿಂದ ಎಂಬುದು ಸ್ವಾರಸ್ಯದ ಸಂಗತಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಕಂತಿನ ಮೇಲೆ ಒಂದು ಪಿ.ಸಿ. ಕೊಂಡರು. ಮನೆಯಿಂದಲೇ ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಸಂಪರ್ಕಿಸಬೇಕಿತ್ತು. ಮಿನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿದ್ದ ಟರ್ಮಿನಲ್ ಎಮ್ಯುಲೇಟರ್ ಅವರಿಗೆ ಹಿಡಿಸಲಿಲ್ಲ. ತಾವೇ ಒಂದನ್ನು ಬರೆದರು. ಕಡತಗಳನ್ನು ಇಳಿಸಿಕೊಳ್ಳಬೇಕೆನಿಸಿದಾಗ ಡಿಸ್ಕಿನಲ್ಲಿ ಬರೆಯುವ ಭಾಗವನ್ನು ಸೇರಿಸಿದರು. ಹೀಗೆ ಒಂದಕ್ಕೊಂದು ಸೇರುತ್ತ ಅದು ಹೊಸ ಕಾರ್ಯಾಚರಣ ವ್ಯವಸ್ಥೆಯೇ ಆಯಿತು.

ಒಮ್ಮೆ ಮೋಡೆಮ್‌ಗೆ ಹೋಗಬೇಕಿದ್ದ ಡಯಲ್ ಆದೇಶವನ್ನು ಅವರು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿಬಿಟ್ಟರು. ಅದರಲ್ಲಿದ್ದ ಮಿನಿಕ್ಸ್ ಹಾಳಾಯಿತು. ಯಾರೂ ತಡೆಯಲಿಲ್ಲ, ಕೊಟ್ಟ ಕಾಗದವನ್ನು ಅಂಚೆಯವನು ಒಡೆದು ಓದುವುದಿಲ್ಲವಷ್ಟೆ!

ಆರಿಸುವ ಬಗೆ

ಲಿನಕ್ಸಿನ ಪ್ರಮುಖ ಟರ್ಮಿನಲ್‌ಗಳಿಗೆ ಹಣ ಕೊಡಬೇಕಿಲ್ಲ. 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಇಂದಿಗೂ ಬಳಕೆಯಲ್ಲಿದೆ. ಅದು ಹಗುರ, ಹಳೆಯ ಕಂಪ್ಯೂಟರಿಗೂ ಭಾರವಾಗದು. ಆದರೆ ಬಣ್ಣ, ಅಕ್ಷರಶೈಲಿಗಳನ್ನು ಕಾಯಂ ಆಗಿ ಬದಲಿಸಲು ಕಡತವೊಂದರಲ್ಲಿ ಬರೆದಿಡಬೇಕು. ಗ್ನೋಮ್ ಟರ್ಮಿನಲ್, ಕಾನ್ಸೋಲ್‌ಗಳಲ್ಲಿ ಇವೆಲ್ಲ ಮೆನುವಿನಲ್ಲೇ ಸಿಗುವುದರಿಂದ ಹೊಸಬರಿಗೆ ಅನುಕೂಲ. ಅಲಕ್ರಿಟಿ ಹಾಗೂ ಭಾರತದ ಕೋವಿದ್ ಗೋಯಲ್ ರೂಪಿಸಿದ ಕಿಟಿ, ಅಕ್ಷರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುತ್ತವೆ. ಸಾವಿರಾರು ಸಾಲು ಸರಸರನೆ ಓಡುವಾಗ ಇದು ಒಳ್ಳೆಯದು. ತೀರ ಹಳೆಯ ಯಂತ್ರಗಳಲ್ಲಿ ಇವು ನಡೆಯದಿರಬಹುದು.

ವಿದ್ಯಾರ್ಥಿಗಳು ಮೂರು ಪರೀಕ್ಷೆ ಮಾಡಬಹುದು. ಮೊದಲನೆಯದು, ಸೊನ್ನೆಗೂ ಇಂಗ್ಲಿಷಿನ ‘ಓ’ಗೂ, ಒಂದಕ್ಕೂ ‘ಎಲ್’ಗೂ ವ್ಯತ್ಯಾಸ ಕಾಣುತ್ತದೆಯೇ? ಕಾಣದಿದ್ದರೆ ಅಕ್ಷರಶೈಲಿ ಬದಲಿಸಬೇಕು. ಎರಡನೆಯದು, ಮೇಲೆ ಸರಿದುಹೋದ ಸಾಲುಗಳನ್ನು ಹಿಂದಕ್ಕೆಳೆದು ಓದಬಹುದೇ? ತಪ್ಪು ಎಲ್ಲಿ ಆಯಿತೆಂದು ತಿಳಿಯುವುದು ಅಲ್ಲಿಯೇ. ಮೂರನೆಯದು, ಕನ್ನಡ. ಟರ್ಮಿನಲ್ ಪರದೆ ಗಣಿತದ ಚೌಕುಳಿ ಪುಸ್ತಕದಂತೆ, ಅಕ್ಷರಕ್ಕೊಂದು ಮನೆ. ಇಂಗ್ಲಿಷಿಗೆ ಇದು ಸಾಕು. ನಮ್ಮ ‘ಸ್ತ್ರೀ’ಯಾದರೋ ಯೂನಿಕೋಡಿನ ಆರು ಸಂಕೇತಗಳು ಕೂಡಿ ಆಗುವ ಒಂದೇ ಅಕ್ಷರ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತುಗಳು ಚೆದುರುತ್ತವೆ. ಆ ಒಂದು ಪದವನ್ನು ಬೆರಳಚ್ಚು ಮಾಡಿ ನೋಡಿದರೆ ಗೊತ್ತಾಗುತ್ತದೆ.

ನಕಲು ಮಾಡಲು ಕಂಟ್ರೋಲ್-ಸಿ ಒತ್ತುವ ಅಭ್ಯಾಸ ಇಲ್ಲಿ ನಡೆಯದು; ಅದು ಓಡುತ್ತಿರುವ ಕೆಲಸವನ್ನೇ ನಿಲ್ಲಿಸುತ್ತದೆ. ಹಲವು ಟರ್ಮಿನಲ್‌ಗಳಲ್ಲಿ ಜೊತೆಗೆ ಶಿಫ್ಟ್ ಕೀಲಿಯನ್ನೂ ಒತ್ತಬೇಕು. ಅರ್ಥವಾಗದ ಆದೇಶವನ್ನು ಎಲ್ಲಿಂದಲೋ ತಂದು ಅಂಟಿಸುವುದಂತೂ ಅಪಾಯ. ಪ್ರಾಜೆಕ್ಟಿನ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿರುವುದು ಜಾಣತನ.

ತಂದೆತಾಯಿಯರು ಈ ಕಪ್ಪು ಕಿಟಕಿಗಾಗಿ ಹೊಸ ಕಂಪ್ಯೂಟರ್ ಕೊಡಿಸಬೇಕಿಲ್ಲ, ಅದನ್ನು ಕಂಡು ಹೆದರಬೇಕಾಗಿಯೂ ಇಲ್ಲ. ಪಕ್ಕದಲ್ಲಿ ಕುಳಿತು ‘ಈ ಆದೇಶ ಏನು ಮಾಡುತ್ತದೆ?’ ಎಂದು ಕೇಳಿದರೆ ಸಾಕು. ಮಗಳು ವಿವರಿಸಬಲ್ಲಳಾದರೆ ಕಲಿಕೆ ಸರಿದಾರಿಯಲ್ಲಿದೆ ಎಂದರ್ಥ. ತಡವರಿಸಿದರೆ, ಎಂಟರ್ ಒತ್ತುವ ಮುನ್ನ ಇನ್ನೊಮ್ಮೆ ಓದಿಕೊಳ್ಳಲು ಅದೇ ಸಮಯ.