ಒಗರಿನಿಂದ ಹುಟ್ಟಿದ ಪದ

ಇನ್ನೂ ದೋರೆಯಾಗದ ಸೀಬೆಕಾಯಿಯೊಂದನ್ನು ಕಚ್ಚಿ ನೋಡಿ. ಹಲ್ಲು ಊರುತ್ತಿದ್ದ ಹಾಗೇ ನಾಲಗೆ ಬಿಗಿದುಕೊಳ್ಳುತ್ತದೆ, ಕೆನ್ನೆ ಒಳಕ್ಕೆ ಎಳೆಯುತ್ತದೆ, ಅಂಗುಳಿನ ಮೇಲೆ ಒರಟು ಬಟ್ಟೆ ಉಜ್ಜಿದ ಹಾಗಾಗುತ್ತದೆ. ಬಾಯಲ್ಲಿದ್ದ ನೀರು ಎಲ್ಲಿ ಹೋಯಿತು? ಒಗರು! ಇಂಗ್ಲಿಷಿನ ‘ಆಸ್ಟಿಯರ್’ ಎಂಬ ಪದ ಹುಟ್ಟಿದ್ದು ಇಲ್ಲಿ, ಹೀಗೆ ಒಣಗಿದ ನಾಲಗೆಯ ಮೇಲೆ.

ಇದು ತಿಳಿದ ದಿನ ನನಗೆ ನಂಬಲಿಕ್ಕೇ ಆಗಲಿಲ್ಲ. ಆಸ್ಟಿಯರ್ ಅಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ನಗು ಕಾಣದ ಮುಖ, ಬರಿಗೋಡೆಯ ಕೋಣೆ, ಒಪ್ಪೊತ್ತಿನ ಊಟ. ಆಸ್ಟೆರಿಟಿ ಅಂದರೆ ಖರ್ಚಿಗೆ ಸರ್ಕಾರ ಹಾಕುವ ಕಡಿವಾಣ. ಆದರೆ ಗ್ರೀಕರ ‘ಔಸ್ತೆರೋಸ್’ ಕಾಯಿಗೆ, ದ್ರಾಕ್ಷಾರಸಕ್ಕೆ ಹೇಳುವ ಮಾತು: ನಾಲಗೆ ಒಣಗಿಸುವಂಥದ್ದು, ಒಗರಾದದ್ದು. ಕ್ರಿ.ಪೂ. 4ನೇ ಶತಮಾನದಲ್ಲಿ ಪ್ಲೇಟೋ ತನ್ನ ‘ಟಿಮೇಯಸ್’ನಲ್ಲಿ ಇದರ ಗುಟ್ಟನ್ನೇ ಹುಡುಕಲು ಹೊರಟಿದ್ದ. ಮಣ್ಣಿನ ಗುಣದ ಕಣಗಳು ನಾಲಗೆಯ ಸಣ್ಣ ನಾಳಗಳನ್ನು ಮುದುಡಿಸಿ ಒಣಗಿಸುತ್ತವೆ ಎಂದು ಅವನ ಊಹೆ. ತೀರಾ ಒರಟಾಗಿ ತಾಗಿದರೆ ಅದಕ್ಕೊಂದು ಹೆಸರು, ತುಸು ಮೃದುವಾದರೆ ಔಸ್ತೆರೋಸ್. ಒಗರಿನಲ್ಲೂ ಎರಡು ಮೆಟ್ಟಿಲು ಗುರುತಿಸಿದ ನಾಲಗೆ ಅದು!

ಅವನ ನಾಳಗಳ ಲೆಕ್ಕ ಸರಿಯಲ್ಲ, ಆದರೆ ಎಷ್ಟು ಹತ್ತಿರ ಬಂದಿದ್ದ ನೋಡಿ. ಕಾಯಿಯಲ್ಲಿರುವ ಟ್ಯಾನಿನ್, ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗರಣೆಗಟ್ಟಿಸುತ್ತದೆ. ಬಾಯೊಳಗಿನ ಜಾರು ಹೋಗುತ್ತದೆ, ನಾಲಗೆ ಅಂಗುಳಿಗೆ ಉಜ್ಜುತ್ತದೆ. ಹಾಗಾಗಿ ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ ಎನ್ನುವ ವಿಜ್ಞಾನಿಗಳೇ ಬಹಳ. ಬರಿ ಚಹಾಕ್ಕೆ ಹಾಲು ಬೆರೆಸಿದರೆ ಒಗರು ತಗ್ಗುವುದೂ ಇದೇ ಲೆಕ್ಕದಲ್ಲಿ. ಟ್ಯಾನಿನ್ನಿನ ಹಿಡಿತಕ್ಕೆ ಹಾಲಿನ ಕೇಸಿನ್ ಮೊದಲು ಸಿಕ್ಕಿಬೀಳುತ್ತದೆ, ನಾಲಗೆ ಬಚಾವಾಗುತ್ತದೆ.

ಕಾಯಿಗೆ ಅಂಟಿದ್ದ ಮಾತು ಮನುಷ್ಯನಿಗೂ ಅಂಟಿತು. ಹೊಸ ಒಡಂಬಡಿಕೆಯಲ್ಲಿ ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ, ಕೊಟ್ಟ ಹಣವನ್ನು ವಸ್ತ್ರದಲ್ಲಿ ಕಟ್ಟಿಟ್ಟಿದ್ದ ಆಳು ಒಡೆಯನ ಮುಂದೆ ನಡುಗುತ್ತ ನಿಲ್ಲುತ್ತಾನೆ. ಒಡೆಯ ಎಂಥವನು ಎಂದು ಹೇಳಲು ಅವನ ಬಾಯಿಗೆ ಬರುವುದು ಇದೇ ಔಸ್ತೆರೋಸ್. ಹೆದರಿದವನ ಬಾಯಿಯೂ ಒಣಗುತ್ತದಲ್ಲವೇ! ಅಲ್ಲಿಂದ ಲ್ಯಾಟಿನ್, ಫ್ರೆಂಚ್ ಹಾದು 14ನೇ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ಬಂದಿತ್ತು.

ಇನ್ನು ಬೇರಿಗೆ ಬರೋಣ. ನನಗೆ ರೋಮಾಂಚನವಾದದ್ದು ಇಲ್ಲಿ. ಔಸ್ತೆರೋಸ್‌ನ ಹಿಂದಿರುವುದು ‘ಔಓಸ್’, ಅಂದರೆ ಒಣಗಿದ್ದು. ಮೂಲದಲ್ಲಿ ಅದರ ಮುಂದೊಂದು ಸಕಾರವಿತ್ತು, ಗ್ರೀಕರು ನುಂಗಿದರು. ಅದೇ ಬೇರು ಸಂಸ್ಕೃತದಲ್ಲಿ ಚಿಗುರಿ ಆದದ್ದು ಶುಷ್ಕ! ನಮ್ಮ ಶುಷ್ಕ ಭಾಷಣ, ಶುಷ್ಕ ನಗೆಯ ಶುಷ್ಕ. ಅದರ ಅಣ್ಣತಮ್ಮಂದಿರೇ ಶೋಷ, ಶೋಷಿತ, ಶೋಷಣೆ: ಒಣಗಿಸುವುದು, ರಸ ಹೀರಿಬಿಡುವುದು. ಚರಕಸಂಹಿತೆ ಆರು ರಸಗಳ ಗುಣ ಹೇಳುವಾಗ ಒಗರಿಗೆ, ಅಂದರೆ ಕಷಾಯ ರಸಕ್ಕೆ, ಕೊಡುವ ವಿಶೇಷಣಗಳಲ್ಲಿ ‘ಶೋಷಣ’ವೂ ಒಂದು. ಗ್ರೀಕ್ ನಾಲಗೆ, ಸಂಸ್ಕೃತದ ನಾಲಗೆ, ನಡುವೆ ಸಾವಿರಾರು ಮೈಲಿ. ಒಗರು ಕಚ್ಚಿದಾಗ ಎರಡೂ ಒಂದೇ ಬೇರನ್ನು ತಡವಿದವು!

ಕಷಾಯದ್ದೂ ಒಂದು ಸೋಜಿಗ. ಈ ಪದಕ್ಕೆ ಔಸ್ತೆರೋಸ್ ಜೊತೆ ಬೇರಿನ ನಂಟಿಲ್ಲ. ಆದರೂ ಒಗರಿಗೆ ಹೇಳುವ ಕಷಾಯ ಕೆಂಗಂದು ಬಣ್ಣಕ್ಕೂ ಹೆಸರಾಗಿ, ಆ ಬಣ್ಣದಲ್ಲಿ ಅದ್ದಿದ ಬಟ್ಟೆ ಕಾಷಾಯವಾಗಿ, ಸನ್ಯಾಸಿಯ ಮೈಮೇಲೆ ಬಂತು. ಅಲ್ಲಿ ಒಗರು ವಿರಕ್ತಿಯ ಗುಣವಾಯಿತು, ಇಲ್ಲಿ ವಿರಕ್ತನ ಉಡುಗೆಯಾಯಿತು.

ಮತ್ತೆ ಆಸ್ಟೆರಿಟಿಗೆ ಬರೋಣ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೂ ಹೊಟ್ಟೆಬಟ್ಟೆ ಕಟ್ಟುವುದು ಮುಗಿಯಲಿಲ್ಲ. ಯುದ್ಧದಲ್ಲಿ ಪಡಿತರಕ್ಕೆ ಸೇರದಿದ್ದ ಬ್ರೆಡ್ಡು ಸೇರಿದ್ದೇ 1946ರಲ್ಲಿ. ಪಡಿತರ ಪೂರ್ತಿ ನಿಂತದ್ದು 1954ರಲ್ಲಿ. ಆಸ್ಟೆರಿಟಿ ಎಂದರೆ ಸ್ಟಾಫರ್ಡ್ ಕ್ರಿಪ್ಸ್ ಎನ್ನುವಷ್ಟು ಆ ಹಣಕಾಸು ಮಂತ್ರಿಯ ಹೆಸರಿಗೆ ಪದ ಮೆತ್ತಿಕೊಂಡಿತು. 1942ರಲ್ಲಿ ನಮ್ಮಲ್ಲಿಗೆ ಸಂಧಾನಕ್ಕೆ ಬಂದಿದ್ದ ಅದೇ ಕ್ರಿಪ್ಸ್. ಆಮೇಲೆ 2010. ಸಾಲದಲ್ಲಿ ಮುಳುಗಿದ ಗ್ರೀಸಿಗೆ 110 ಬಿಲಿಯನ್ ಯೂರೋ ನೆರವು, ಬದಲಿಗೆ ಸಂಬಳ, ಪಿಂಚಣಿಗೆ ಕತ್ತರಿ. ಆ ವರ್ಷ ಜನ ಎಷ್ಟು ಹುಡುಕಿದರೆಂದರೆ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಆಸ್ಟೆರಿಟಿ’ಯನ್ನೇ ವರ್ಷದ ಪದವೆಂದು ಆರಿಸಿತು. ಪದ ತನ್ನ ತವರಿಗೇ ಮರಳಿತ್ತು! ಆದರೆ ತವರಿನವರು ಅದನ್ನು ಆ ಹೆಸರಿನಿಂದ ಕರೆಯಲಿಲ್ಲ. ಇಂದಿನ ಗ್ರೀಕಿನಲ್ಲಿ ‘ಅಫ್ಸ್ತಿರೋಸ್’ ಅಂದರೆ ಬಿಗಿಯಾದ ಮೇಷ್ಟ್ರು, ಬಿಗಿಯಾದ ಅಪ್ಪ. ಖರ್ಚಿನ ಬಿಗಿಗೆ ಅವರದು ‘ಲಿತೋತಿತಾ’, ಸರಳತೆ. ಆಸ್ಟೆರಿಟಿಯನ್ನು ಶೋಷಣೆ ಎಂದು ಕನ್ನಡದಲ್ಲಿ ಯಾರಾದರೂ ಬೈದರೆ, ತಾನು ಪದದ ದಾಯಾದಿಯನ್ನೇ ಕರೆದೆನೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಕೊಂಬೆ ಉಳಿದಿದೆ. ಶುಷ್ಕದ ಬೇರಿನ ಸಕಾರ ಇರಾನಿನ ಕಡೆ ಹಕಾರವಾಯಿತು, ಮುಂದೆ ಖಕಾರವಾಗಿ ಪರ್ಶಿಯನ್ನಿನಲ್ಲಿ ‘ಖುಷ್ಕ್’ ಆಯಿತು. ಒಣಗಿದ್ದು. ಆ ಖುಷ್ಕ್ ದಫ್ತರದ ಭಾಷೆಯ ಜೊತೆ ಕುದುರೆ ಹತ್ತಿ ದಕ್ಷಿಣಕ್ಕೆ ಬಂತು. ಮೊನ್ನೆ ಊರಿನ ಪಹಣಿಯ ಹಳೆಯ ನಕಲೊಂದನ್ನು ಬಿಡಿಸಿದೆ. ಮಡಿಕೆಯಲ್ಲಿ ಹರಿದಿತ್ತು, ಶಾಯಿ ಕಂದಿತ್ತು. ತರಿ ಅಲ್ಲ, ಬಾಗಾಯ್ತು ಅಲ್ಲ. ಮಳೆ ಬಂದರೆ ರಾಗಿ, ಬಾರದಿದ್ದರೆ ಬೀಳು ಬೀಳುವ ಆ ನೆಲದ ಮುಂದೆ ಶಾನುಭೋಗರ ಅಕ್ಷರದಲ್ಲಿ ಇತ್ತು: ಖುಷ್ಕಿ.