ಸೋತ ನಕ್ಷತ್ರ ಅನ್ನಬೇಡಿ

ಕಂದು ಕುಬ್ಜಗಳನ್ನು ‘ಫೇಲಾದ ನಕ್ಷತ್ರಗಳು’ ಎನ್ನುವುದು ನನಗಂತೂ ಇಷ್ಟವಿಲ್ಲ. (ಬಿಇ ಓದುವವರಿಗೆ ಆ ಪದದ ಮೇಲೆ ಸಿಟ್ಟು ಸಹಜ ತಾನೇ!) ಗುರುಗ್ರಹದ ಸುಮಾರು 75 ಪಟ್ಟು ದ್ರವ್ಯರಾಶಿ ಇಲ್ಲದಿದ್ದರೆ ಒಡಲಲ್ಲಿ ಹೈಡ್ರೋಜನ್ ಉರಿಯುತ್ತಲೇ ಇರುವುದಿಲ್ಲ. ಹುಟ್ಟಿದಾಗಿನ ಬಿಸಿಯಲ್ಲೇ ಮಿನುಗಿ, ನಿಧಾನವಾಗಿ ಆರುತ್ತಾ ಹೋಗುತ್ತವೆ ಈ ಕುಬ್ಜಗಳು. ಅದಕ್ಕೇ ಅವನ್ನು ಎಣಿಸುವವರು ನಕ್ಷತ್ರಗಳ ಹೆರಿಗೆಮನೆಗೇ ಹೋಗುತ್ತಾರೆ.

ಪರ್ಸಿಯಸ್ ನಕ್ಷತ್ರಪುಂಜದ ಎನ್‌ಜಿಸಿ 1333 ಅಂಥದ್ದೊಂದು. ದೂರ ಸುಮಾರು 1,000 ಜ್ಯೋತಿರ್ವರ್ಷ. ಧೂಳು ದಟ್ಟವಾಗಿರುವುದರಿಂದ ಅವಕೆಂಪು ಕ್ಯಾಮೆರಾ ಬೇಕು. ಆದರೆ ಮಂಕಾಗಿ, ಕೆಂಪಾಗಿ ಕಂಡದ್ದೆಲ್ಲ ಕಂದು ಕುಬ್ಜವಲ್ಲ; ಧೂಳಿನ ಹಿಂದಿರುವ ದೂರದ ನಕ್ಷತ್ರವೂ ಹಾಗೇ ಕಾಣುತ್ತದೆ. ಒಂದೊಂದರದೂ ರೋಹಿತ ತೆಗೆದು ನೀರಾವಿಯ ಗುರುತು ಹುಡುಕಬೇಕು. ಹವಾಯಿಯ ಸುಬಾರು ದೂರದರ್ಶಕದ ನೆರವಿನಿಂದ ವರ್ಷಗಟ್ಟಲೆ ನಡೆದದ್ದು ಈ ತಾಳ್ಮೆಯ ಕೆಲಸವೇ.

2024ರಲ್ಲಿ ಜೇಮ್ಸ್ ವೆಬ್ ಅಲ್ಲಿ ಗುರುವಿನ 5ರಿಂದ 10 ಪಟ್ಟು ದ್ರವ್ಯರಾಶಿಯ ಆರು ಒಂಟಿ ಕಾಯಗಳನ್ನು ಗುರುತಿಸಿತು. ಅತಿ ಹಗುರವಾದದ್ದರ ಸುತ್ತಲೂ ಧೂಳಿನ ತಟ್ಟೆ! ಅಂದರೆ ಅದೂ ನಕ್ಷತ್ರದಂತೆ ಮೋಡ ಕುಸಿದೇ ಹುಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೂ ಹಗುರವಾದದ್ದನ್ನು ಕಾಣಬಲ್ಲ ಕಣ್ಣು ವೆಬ್‌ಗಿತ್ತು. ಒಂದೂ ಸಿಗಲಿಲ್ಲ. ಮೋಡವೊಂದು ಹೆರಬಲ್ಲ ಅತಿ ಚಿಕ್ಕ ಕೂಸು ಇದೇ ಇರಬಹುದೇ?