‘ಮೇಲಿನವರು’ ಅಂದರೆ ಯಾರು?

ಸರ್ಕಾರ ಅಲ್ಲಾಡುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ಬಸ್ಸಿನಲ್ಲಿ, ಹೋಟೆಲಿನಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: “ಎಲ್ಲ ಮೇಲಿನವರ ಕೈಲಿದೆ ಬಿಡಿ.” ಮೇಲಿನವರು ಅಂದರೆ ಒಬ್ಬರ ಬಾಯಲ್ಲಿ ದಿಲ್ಲಿ, ಇನ್ನೊಬ್ಬರ ಬಾಯಲ್ಲಿ ರಾಜಭವನ, ಮತ್ತೊಬ್ಬರಿಗೆ ಪಕ್ಷದ ಹೈಕಮಾಂಡ್. ಪಕ್ಷದೊಳಗಿನ ಲೆಕ್ಕ ಏನೇ ಇರಲಿ, ಸಂವಿಧಾನದ ಲೆಕ್ಕ ಬೇರೆ. ರಾಜ್ಯ ಸರ್ಕಾರದ ಉಸಿರಿರುವುದು ವಿಧಾನಸಭೆಯೊಳಗೆ, ಎಲ್ಲರ ಕಣ್ಣೆದುರು ಎಣಿಸಬಹುದಾದ ತಲೆಗಳಲ್ಲಿ. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ನಮ್ಮ ಆಡಳಿತದ ಬಗೆಗಿನ ಎಷ್ಟೋ ತಪ್ಪು ಕಲ್ಪನೆಗಳು ತಾವಾಗಿಯೇ ಸಡಿಲವಾಗುತ್ತವೆ.

“ಮುಖ್ಯಮಂತ್ರಿಯನ್ನು ಆರಿಸುವವರು ನಾವು”

ಮತಗಟ್ಟೆಯಲ್ಲಿ ರಟ್ಟಿನ ಮರೆಯ ಹಿಂದೆ ನಿಂತಾಗ ಯಂತ್ರದ ಮೇಲೆ ಏನೇನಿರುತ್ತದೆ, ನೆನಪಿಸಿಕೊಳ್ಳಿ. ಕ್ರಮಸಂಖ್ಯೆ, ಅಭ್ಯರ್ಥಿಯ ಹೆಸರು, ಫೋಟೊ, ಚಿಹ್ನೆ, ಪಕ್ಕದಲ್ಲೊಂದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ವಿವಿಪ್ಯಾಟ್‌ನ ಗಾಜಿನಾಚೆ ಚೀಟಿಯೊಂದು ಏಳು ಸೆಕೆಂಡ್ ಕಾಣಿಸಿ ಡಬ್ಬಿಗೆ ಬೀಳುತ್ತದೆ. ಅದರಲ್ಲಿ ಎಲ್ಲೂ ‘ಮುಖ್ಯಮಂತ್ರಿ’ ಎಂಬ ಪದವಿಲ್ಲ. ನಾವು ಆರಿಸುವುದು ನಮ್ಮ ಕ್ಷೇತ್ರದ ಒಬ್ಬ ಶಾಸಕರನ್ನು. ಹಾಗೆ ಆರಿಸಿ ಬಂದ 224 ಮಂದಿಯಲ್ಲಿ ಕನಿಷ್ಠ 113 ಮಂದಿಯ ಬೆಂಬಲ ಯಾರಿಗಿದೆಯೋ ಅವರು ಮುಖ್ಯಮಂತ್ರಿ.

ಆ ವ್ಯಕ್ತಿ ಆ ಹೊತ್ತಿಗೆ ಶಾಸಕರಾಗಿರಲೇಬೇಕು ಎಂದೂ ಇಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ಪ್ರಮಾಣವಚನ ಸ್ವೀಕರಿಸಿದಾಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. 1996ರ ಜೂನ್ 1ರಂದು ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಸಂಸದರಾಗಿರಲಿಲ್ಲ, ರಾಜ್ಯಸಭೆಗೆ ಆಯ್ಕೆಯಾದದ್ದು ಸೆಪ್ಟೆಂಬರ್‌ನಲ್ಲಿ. ಸಂವಿಧಾನ ಇದಕ್ಕೆ ಆರು ತಿಂಗಳ ಗಡುವು ಕೊಟ್ಟಿದೆ. ಅಷ್ಟರೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗದಿದ್ದರೆ ಕುರ್ಚಿ ಬಿಡಬೇಕು.

ಐದು ವರ್ಷ ಎಂಬುದೂ ಹಾಗೆಯೇ. ಅದು ಸದನದ ಗರಿಷ್ಠ ಆಯಸ್ಸು, ಸರ್ಕಾರಕ್ಕೆ ಕೊಟ್ಟ ವಾಯಿದೆ ಅಲ್ಲ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಪರ 269 ಮತ, ವಿರುದ್ಧ 270. ಒಂದೇ ಒಂದು ಮತಕ್ಕೆ ದೇಶದ ಸರ್ಕಾರ ಹೋಯಿತು.

“ಹೆಚ್ಚು ಸೀಟು ಗೆದ್ದವರದೇ ಸರ್ಕಾರ”

ಹೆಚ್ಚು ಅಂದರೆ ಎಷ್ಟು? 2018ರ ಮೇ ತಿಂಗಳಲ್ಲಿ ಬಿಜೆಪಿಗೆ ಬಂದದ್ದು 104. ಎಲ್ಲರಿಗಿಂತ ದೊಡ್ಡ ಪಕ್ಷ ಅದೇ, ಆದರೆ ಬಹುಮತಕ್ಕೆ ಸಾಲದು. ಕಾಂಗ್ರೆಸ್ಸೂ ಜೆಡಿಎಸ್ಸೂ ಕೈಜೋಡಿಸಿದವು. ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪನವರನ್ನು ಕರೆದು, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಆ ರಾತ್ರಿಯೇ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು. ಬೆಳಗಿನ ಜಾವದವರೆಗೆ ವಾದ ನಡೆಯಿತು. ಕೊನೆಗೆ ಕೋರ್ಟು ಹದಿನೈದು ದಿನದ ಅವಕಾಶವನ್ನು ಮೊಟಕುಗೊಳಿಸಿ, ಮೇ 19ಕ್ಕೇ ಸದನದಲ್ಲಿ ಬಲ ತೋರಿಸಿ ಎಂದಿತು. ಅಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಹದಿನಾಲ್ಕು ತಿಂಗಳ ನಂತರ, 2019ರ ಜುಲೈ 23ರಂದು, ಆ ಮೈತ್ರಿಯ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಸರದಿ. ಪರ 99, ವಿರುದ್ಧ 105. ಕೂಡಿಸಿದರೆ 204. ಉಳಿದವರೆಲ್ಲಿ? ಸದನದ ಹೊರಗೆ. ರಾಜೀನಾಮೆ ಕೊಟ್ಟೋ ಗೈರುಹಾಜರಾಗಿಯೋ ದೂರ ಉಳಿದವರಲ್ಲಿ 17 ಮಂದಿಯನ್ನು ಸ್ಪೀಕರ್ ಅನರ್ಹಗೊಳಿಸಿದರು. ನಾವು ಕಳಿಸಿದ ಶಾಸಕರು ಎದ್ದು ನಿಂತೂ ಸರ್ಕಾರ ಕೆಡವಬಲ್ಲರು, ಬಾರದೆ ಉಳಿದೂ ಕೆಡವಬಲ್ಲರು. ಮತ ಕೇಳಲು ಬಂದಾಗ ಈ ಎರಡನೆಯದನ್ನೂ ಅವರಿಗೆ ನೆನಪಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

“ರಾಜ್ಯಪಾಲರು ಮನಸ್ಸು ಮಾಡಿದರೆ ಮುಗಿಯಿತು”

ಈ ನಂಬಿಕೆಗೆ ಕಾರಣವಿಲ್ಲದೆ ಇಲ್ಲ. ಒಂದು ಕಾಲದಲ್ಲಿ ನಿಜಕ್ಕೂ ಹಾಗೆಯೇ ನಡೆಯುತ್ತಿತ್ತು. ಅದನ್ನು ತಡೆದ ಪ್ರಕರಣ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಸರ್ಕಾರಕ್ಕೆ ಬೆಂಬಲ ಹಿಂತೆಗೆದಿದ್ದೇವೆ ಎನ್ನುವ 19 ಶಾಸಕರ ಪತ್ರಗಳು ರಾಜಭವನ ತಲುಪಿದವು. ಕೆಲವೇ ದಿನಗಳಲ್ಲಿ ಅವರಲ್ಲೇ ಏಳು ಮಂದಿ, ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು ಎಂದು ಬರೆದುಕೊಟ್ಟರು. ಬೊಮ್ಮಾಯಿ, ಬೇಕಿದ್ದರೆ ಅಧಿವೇಶನವನ್ನೇ ಮುಂಚೆ ಕರೆಯೋಣ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು. ಅಧಿವೇಶನಕ್ಕೆ ಒಂದು ವಾರವಷ್ಟೇ ಉಳಿದಿತ್ತು. ರಾಜ್ಯಪಾಲರು ಒಪ್ಪಲಿಲ್ಲ. ದಿಲ್ಲಿಗೆ ವರದಿ ಹೋಯಿತು. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂದು ನೋಡಬೇಕಾದ ಜಾಗ ಸದನ, ರಾಜಭವನವಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ತಪ್ಪಾಗಿದ್ದರೆ ರದ್ದು ಮಾಡಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಅಷ್ಟು ಹೊತ್ತಿಗೆ ಸುಮಾರು ಐದು ವರ್ಷ ಕಳೆದಿತ್ತು, ಚುನಾವಣೆ ನಡೆದು ಬೇರೆ ಸರ್ಕಾರಗಳು ಬಂದಿದ್ದವು. ಬೊಮ್ಮಾಯಿಯವರ ಕುರ್ಚಿ ಮರಳಲಿಲ್ಲ. ಆದರೆ ಮುಂದೆ ಬಂದ ಎಲ್ಲ ರಾಜ್ಯಗಳ, ಎಲ್ಲ ಪಕ್ಷಗಳ ಮುಖ್ಯಮಂತ್ರಿಗಳಿಗೆ ಆ ತೀರ್ಪು ಆಸರೆಯಾಯಿತು.

ಸದನವೇ ಏಕೆ? ಕಾಗದದ ಮೇಲಿನ ಸಹಿಯನ್ನು ಹೆದರಿಸಿ ಪಡೆಯಬಹುದು, ಮರುದಿನ ಅಲ್ಲಗಳೆಯಬಹುದು. ಸದನದಲ್ಲಿ ವಿಭಜನೆಗೆ ಹಾಕಿದಾಗ ಗಂಟೆ ಬಾರಿಸುತ್ತದೆ, ಬಾಗಿಲು ಮುಚ್ಚುತ್ತದೆ, ಸದಸ್ಯರು ಸಾಲು ಸಾಲಾಗಿ ಎದ್ದು ನಿಲ್ಲುತ್ತಾರೆ, ಸಿಬ್ಬಂದಿ ಒಬ್ಬೊಬ್ಬರನ್ನೇ ಎಣಿಸಿ ಬರೆದುಕೊಳ್ಳುತ್ತಾರೆ. ಹಾಗೆ ನಿಂತವರನ್ನು ಇಡೀ ರಾಜ್ಯ ನೋಡುತ್ತದೆ.

“ದಿಲ್ಲಿ ಕೊಟ್ಟರೆ ಉಂಟು”

ರಾಜ್ಯ ಸರ್ಕಾರ ಕೇಂದ್ರದ ಶಾಖಾ ಕಚೇರಿಯಲ್ಲ. ಪೊಲೀಸ್, ಸಾರ್ವಜನಿಕ ಆರೋಗ್ಯ, ಕೃಷಿ ಇವು ರಾಜ್ಯದ ಪಟ್ಟಿಯಲ್ಲಿವೆ. ರಕ್ಷಣೆ, ವಿದೇಶಾಂಗ, ರೈಲ್ವೆ ಕೇಂದ್ರದವು. ಶಿಕ್ಷಣ ಮೊದಲು ರಾಜ್ಯದ್ದೇ ಆಗಿತ್ತು, 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಒಯ್ದಿತು. ಅಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ.

ಹಣದ ಮಾತು ಬಂದಾಗ ಎರಡು ಕಡೆಯೂ ತಪ್ಪು ಕಲ್ಪನೆಗಳಿವೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ದಯೆಯಲ್ಲ, ಸಂವಿಧಾನದ ಹಕ್ಕು. 15ನೇ ಹಣಕಾಸು ಆಯೋಗ ಹಂಚಿಕೆಯ ಮೊತ್ತದಲ್ಲಿ ಶೇ 41ನ್ನು ರಾಜ್ಯಗಳಿಗೆ ಇಟ್ಟಿತು. ಸೆಸ್ ಮತ್ತು ಸರ್‌ಚಾರ್ಜ್ ಮಾತ್ರ ಆ ಮೊತ್ತಕ್ಕೆ ಸೇರುವುದಿಲ್ಲ. ಆ ಶೇ 41ರೊಳಗೆ ಕರ್ನಾಟಕದ ಪಾಲು ಹಿಂದಿನ ಶೇ 4.713ರಿಂದ 3.647ಕ್ಕೆ ಇಳಿದದ್ದು ನಮ್ಮ ನ್ಯಾಯವಾದ ತಕರಾರು. ಹಾಗೆಂದು ಇಲ್ಲಿ ಕಟ್ಟಿದ್ದೆಲ್ಲ ಇಲ್ಲಿಗೇ ಬರಬೇಕು ಅನ್ನುವುದೂ ಸರಿಯಲ್ಲ. ದೇಶವೆಲ್ಲ ವ್ಯಾಪಾರ ಮಾಡುವ ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೆ ಅದರ ಆದಾಯ ತೆರಿಗೆ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. ಆ ಲಾಭ ಬಿಹಾರದ ಗ್ರಾಹಕರ ಜೇಬಿನಿಂದಲೂ ಬಂದಿರುತ್ತದೆ.

ಕೊನೆಯದಾಗಿ ಚರಂಡಿ. ಬೀದಿಯಲ್ಲಿ ನೀರು ನಿಂತರೆ ನಾವು ಶಾಸಕರಿಗೆ ಫೋನ್ ಮಾಡುತ್ತೇವೆ, ಸಂಸದರನ್ನು ಬೈಯುತ್ತೇವೆ. ಶಾಸಕರ ಮೊದಲ ಕೆಲಸ ಕಾನೂನು ಮಾಡುವುದು, ಬಜೆಟ್ಟನ್ನು ಪ್ರಶ್ನಿಸುವುದು, ಸರ್ಕಾರವನ್ನು ಹಿಡಿತದಲ್ಲಿಡುವುದು. ಚರಂಡಿಗೆ ಪಂಚಾಯಿತಿ, ನಗರಸಭೆಗಳಿವೆ. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಆಸ್ಥೆಯಿಂದ 1987ರಲ್ಲೇ ಕರ್ನಾಟಕ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಸಿತ್ತು. ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದೇ ರಾಜ್ಯದ ರಾಜಧಾನಿಯಲ್ಲಿ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ದಿಲ್ಲಿಯೆದುರು ರಾಜ್ಯದ ಹಕ್ಕು ಕೇಳುವ ವಿಧಾನಸೌಧ, ತನ್ನ ಕಿಟಕಿಯಿಂದ ಕಾಣುವ ವಾರ್ಡಿಗೆ ಒಬ್ಬ ಸದಸ್ಯನನ್ನು ಆರಿಸಿಕೊಳ್ಳುವ ಅವಕಾಶವನ್ನೂ ಕೊಡಲಿಲ್ಲ. ಅಲ್ಲಿಯ ಚರಂಡಿ ಕಟ್ಟಿಕೊಂಡಾಗ ಜನ ಯಾರನ್ನು ಕೇಳಬೇಕಿತ್ತೋ, ಆ ಕುರ್ಚಿಯೇ ಖಾಲಿ ಇತ್ತು.